ಸಣ್ಣ ವ್ಯಾಪಾರಕ್ಕೆ ಹೊರಗಿನ ಸಹಾಯ: ಮುಂಬೈ–ಪುಣೆಯ ನಮ್ಮವರಿಗೆ ಒಂದು ಮಾರ್ಗದರ್ಶಿ

ಡೊಂಬಿವಲಿಯಲ್ಲಿ ನಮ್ಮದು ಹಪ್ಪಳ, ಉಪ್ಪಿನಕಾಯಿ, ಸಾರಿನ ಪುಡಿಯ ವ್ಯಾಪಾರ. ಶಿರಸಿ ಕಡೆಯ ರುಚಿ. ಮನೆಯ ಅಡುಗೆಮನೆಯಲ್ಲಿ ಶುರುವಾದದ್ದು ಈಗ ಒಂದು ಗಾಳಾದಲ್ಲಿ (ಸಣ್ಣ ಕಾರ್ಖಾನೆಯ ಮಳಿಗೆಯಲ್ಲಿ) ನಡೆಯುತ್ತಿದೆ, ಆರು ಜನ ಕೆಲಸಕ್ಕಿದ್ದಾರೆ. ಮೊದಲ ನಾಲ್ಕು ವರ್ಷ ಎಲ್ಲವನ್ನೂ ನಾನು ಮತ್ತು ನಮ್ಮನೆಯವರೇ ಮಾಡಿದೆವು. ಹಗಲು ಹಪ್ಪಳ, ರಾತ್ರಿ ಬಿಲ್ಲು. ರಾತ್ರಿ ಹನ್ನೊಂದಕ್ಕೆ ಹಳೇ ಬಿಸ್ಕತ್ತಿನ ಡಬ್ಬಿಯಿಂದ ಬಿಲ್ಲುಗಳನ್ನು ಹಾಸಿಗೆಯ ಮೇಲೆ ಸುರಿದುಕೊಂಡು ಕೂತರೆ, ಎಣ್ಣೆ ಕೈ ತಾಗಿ ಅರ್ಧಕ್ಕರ್ಧ ಬಿಲ್ಲಿನ ಅಕ್ಷರ ಓದಲಿಕ್ಕೇ ಬರುತ್ತಿರಲಿಲ್ಲ.

ಹೊರಗಿನವರನ್ನು ಕರೆದರೆ ಖರ್ಚು ಅಂತ ಯಾರನ್ನೂ ಕರೆಯಲಿಲ್ಲ. ಆಮೇಲೆ ಸುಸ್ತಾಗಿ, ಸಿಕ್ಕಿದವರ ಕೈಗೆ ಎಲ್ಲವನ್ನೂ ಕೊಟ್ಟುಬಿಟ್ಟೆವು. ಎರಡರಿಂದಲೂ ನಷ್ಟವಾಯಿತು. ಆ ಅನುಭವದಿಂದಲೇ ಇದನ್ನು ಬರೆಯುತ್ತಿದ್ದೇನೆ. ಠಾಣೆಯಲ್ಲಿ ಕ್ಯಾಂಟೀನ್ ನಡೆಸುವವರು, ಭಿವಂಡಿಯಲ್ಲಿ ಹೊಲಿಗೆ ಯಂತ್ರ ಹಾಕಿದವರು, ಪಿಂಪ್ರಿ–ಚಿಂಚ್‌ವಾಡದಲ್ಲಿ ಫ್ಯಾಬ್ರಿಕೇಶನ್ ಮಾಡುವವರು, ಮನೆಯಿಂದಲೇ ಡಬ್ಬಿ ಕಳಿಸುವವರು, ಎಲ್ಲರಿಗೂ ಇದು ಉಪಯೋಗಕ್ಕೆ ಬರಬಹುದು. ಸಹಾಯ ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ಬೀಗದ ಕೈ ನಿಮ್ಮ ಸೆರಗಿನಲ್ಲೋ ಜೇಬಿನಲ್ಲೋ ಇರಲಿ.

ಮೊದಲು: ಒಂದು ವಾರ ಬರೆದಿಡಿ

ಯಾರನ್ನೂ ಕರೆಯುವ ಮೊದಲು ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಸೋಮವಾರದಿಂದ ಭಾನುವಾರದವರೆಗೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಅಂತ ಬರೆಯಿರಿ. ಚೆಂದವಾಗಿ ಬರೆಯಬೇಕಿಲ್ಲ. 'ಬಾಕಿಗೆ ಫೋನ್ – ಮುಕ್ಕಾಲು ಗಂಟೆ', 'ಪ್ಯಾಕಿಂಗ್ ಕವರ್ ಬಂದಿಲ್ಲ, ಹೋಗಿ ತಂದದ್ದು – ಎರಡು ಗಂಟೆ', ಇಷ್ಟೇ ಸಾಕು.

ನಾವು ಹೀಗೆ ಬರೆದಾಗ ಆ ವಾರ ಬಾಕಿ ಕೇಳುವ ಫೋನು ಮತ್ತು ಬಿಲ್ಲು ಹೊಂದಿಸುವುದಕ್ಕೇ ಒಂಬತ್ತು ಗಂಟೆ ಹೋಗಿತ್ತು. ಹೊಸ ಅಂಗಡಿಗೆ ಹೋಗಿ ಸ್ಯಾಂಪಲ್ ಕೊಟ್ಟದ್ದು ಒಂದು ಸಲವೂ ಇಲ್ಲ. ವ್ಯಾಪಾರ ಯಾಕೆ ನಿಂತಲ್ಲೇ ನಿಂತಿದೆ ಅಂತ ಆ ಪುಟ ನೋಡಿದ ಮೇಲೆ ನನಗೆ ತಿಳಿಯಿತು.

ಬರೆದದ್ದರ ಪಕ್ಕದಲ್ಲಿ ಮೂರು ಗುರುತು ಹಾಕಿ. ನೀವೇ ಮಾಡಬೇಕಾದ ಕೆಲಸಕ್ಕೆ ಒಂದು. ರುಚಿ ನೋಡುವುದು, ಬೆಲೆ ಹಾಕುವುದು, ದೊಡ್ಡ ಗಿರಾಕಿಯ ಜೊತೆ ಮಾತಾಡುವುದು ಇದರಲ್ಲಿ ಬರುತ್ತವೆ. ಹೇಳಿಕೊಟ್ಟರೆ ಯಾರಾದರೂ ಮಾಡಬಹುದಾದ್ದಕ್ಕೆ ಇನ್ನೊಂದು. ತಿಳಿದವರೇ ಮಾಡಬೇಕಾದ ತೆರಿಗೆ, ಟ್ರೇಡ್‌ಮಾರ್ಕ್ (ನಿಮ್ಮ ಬ್ರ್ಯಾಂಡಿನ ಹೆಸರಿನ ನೋಂದಣಿ), ಸಾಲದ ಫೈಲಿಗೆ ಮೂರನೆಯದು. ಹೊರಗಿನ ಸಹಾಯ ಬೇಕಾದದ್ದು ಎರಡನೆಯದಕ್ಕೆ ಮತ್ತು ಮೂರನೆಯದಕ್ಕೆ. ಮೊದಲನೆಯದನ್ನು ಯಾರಿಗೂ ಬಿಟ್ಟುಕೊಡಬೇಡಿ.

ಎರಡನೆಯದು: ದುಡ್ಡು ಕೊಡದೆ ಸಿಗುವುದನ್ನು ಮೊದಲು ಪಡೆಯಿರಿ

ಉದ್ಯಮ್ ನೋಂದಣಿಯಿಂದ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನಂಬರಿನಿಂದ ಶುರು ಮಾಡಿ. 2020ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು, ಒಂದು ಪೈಸೆಯೂ ಇಲ್ಲ. ಆದರೆ ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸರ್ಕಾರದ್ದೇ ಅನ್ನುವ ಹಾಗೆ ಕಾಣುವ, ಶುಲ್ಕ ಕೇಳುವ ಖಾಸಗಿ ಜಾಲತಾಣಗಳೂ ಸಿಗುತ್ತವೆ. ವಿಳಾಸದ ಕೊನೆಯಲ್ಲಿ 'ಡಾಟ್ ಗವ್ ಡಾಟ್ ಇನ್' ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲಿ ಆಧಾರ್ ನಂಬರ್ ಹಾಕಬೇಡಿ.

2025ರ ಏಪ್ರಿಲ್ 1ರಿಂದ ಮಿತಿಗಳು ಏರಿವೆ. ಯಂತ್ರೋಪಕರಣದ ಮೇಲಿನ ಹೂಡಿಕೆ 2.5 ಕೋಟಿಯೊಳಗೆ, ವರ್ಷದ ವಹಿವಾಟು 10 ಕೋಟಿಯೊಳಗೆ ಇದ್ದರೆ ನೀವು 'ಸೂಕ್ಷ್ಮ' ಉದ್ಯಮ. ನಮ್ಮಂಥವರು ಹೆಚ್ಚುಕಮ್ಮಿ ಎಲ್ಲರೂ ಇದರೊಳಗೇ ಬರುತ್ತೇವೆ. ಈ ನಂಬರ್ ಮುಂದೆ ಸಾಲಕ್ಕೆ, ಬಾಕಿ ವಸೂಲಿಗೆ, ಟ್ರೇಡ್‌ಮಾರ್ಕ್ ಶುಲ್ಕಕ್ಕೆ, ಎಲ್ಲದಕ್ಕೂ ಬೇಕು.

ಆಮೇಲೆ ಸರ್ಕಾರಿ ಕಚೇರಿಗಳು. ಕೇಂದ್ರ ಸರ್ಕಾರದ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಚೇರಿ ಮುಂಬೈಯಲ್ಲಿ ಸಾಕಿನಾಕಾದಲ್ಲಿದೆ, ಕುರ್ಲಾ–ಅಂಧೇರಿ ರಸ್ತೆಯ ಮೇಲೆ. ಗೋವಾದವರಿಗೆ ಮಡಗಾಂವ್‌ನಲ್ಲಿದೆ. ತರಬೇತಿ, ಯೋಜನೆಗಳ ಮಾಹಿತಿ, ಖರೀದಿದಾರರ ಜೊತೆ ಭೇಟಿ ಇಂಥದ್ದೆಲ್ಲ ಇವರ ಕೆಲಸ. ರಾಜ್ಯ ಸರ್ಕಾರದ ಜಿಲ್ಲಾ ಉದ್ಯೋಗ ಕೇಂದ್ರ ಬೇರೆ. ಹೊಸದಾಗಿ ಶುರು ಮಾಡುವವರಿಗೆ ಪಿಎಂಇಜಿಪಿ (ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ) ಸಬ್ಸಿಡಿಯ ಬಗ್ಗೆ ಅಲ್ಲಿ ಕೇಳಬಹುದು. ಈಗಾಗಲೇ ನಡೆಯುತ್ತಿರುವ ವ್ಯಾಪಾರಕ್ಕೆ ಹೊಸದು ಅಂತ ಅರ್ಜಿ ಹಾಕಿಸುತ್ತೇನೆ ಅನ್ನುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ.

ತಿಂಡಿ, ಮಸಾಲೆ, ಹಪ್ಪಳ, ಉಪ್ಪಿನಕಾಯಿ ಮಾಡುವವರು ಸಣ್ಣ ಆಹಾರ ಉದ್ಯಮಗಳಿಗೆಂದೇ ಇರುವ ಪಿಎಂಎಫ್‌ಎಂಇ ಯೋಜನೆಯನ್ನು ವಿಚಾರಿಸಲೇಬೇಕು. ಬ್ಯಾಂಕ್ ಸಾಲದ ಜೊತೆಗೆ ಯೋಜನಾ ವೆಚ್ಚದ 35%, ಹೆಚ್ಚೆಂದರೆ 10 ಲಕ್ಷ ರೂಪಾಯಿವರೆಗೆ ಸಬ್ಸಿಡಿ. ನನಗೆ ಇದರಲ್ಲಿ ತುಂಬ ಇಷ್ಟವಾದದ್ದು 'ಜಿಲ್ಲಾ ಸಂಪನ್ಮೂಲ ವ್ಯಕ್ತಿ' ಎಂಬ ಏರ್ಪಾಡು. ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದರಿಂದ ಹಿಡಿದು ಬ್ಯಾಂಕಿಗೆ ಓಡಾಡುವುದು, ಆಹಾರ ಪರವಾನಗಿ, ಉದ್ಯಮ್ ಎಲ್ಲದಕ್ಕೂ ಅವರು ಜೊತೆಗಿರುತ್ತಾರೆ. ಅವರ ಸಂಭಾವನೆ ಕೊಡುವುದು ಯೋಜನೆಯೇ, ನೀವಲ್ಲ. ಹೊರಗೆ ಇದೇ ಕೆಲಸಕ್ಕೆ ಸಾವಿರಾರು ರೂಪಾಯಿ ಕೇಳುತ್ತಾರೆ. ಮಹಾರಾಷ್ಟ್ರದಲ್ಲಿ ಕೃಷಿ ಇಲಾಖೆಯ ಮೂಲಕ ಇದು ನಡೆಯುತ್ತದೆ. ಯೋಜನೆಗೆ ಅವಧಿ ಇರುವುದರಿಂದ ಈ ವರ್ಷ ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.

ಪುಣೆಯವರಿಗೆ ಇನ್ನೂ ಅನುಕೂಲ ಜಾಸ್ತಿ. 1934ರಲ್ಲಿ ಶುರುವಾದ ಮರಾಠಾ ಚೇಂಬರ್ ಎಂಬ ಉದ್ಯಮಿಗಳ ಸಂಘಟನೆ ಸೇನಾಪತಿ ಬಾಪಟ್ ರಸ್ತೆಯಲ್ಲಿದೆ. ರಫ್ತು, ಕಾರ್ಮಿಕ ಕಾನೂನು, ತೆರಿಗೆ ಬದಲಾವಣೆಗಳ ಬಗ್ಗೆ ಅಲ್ಲಿ ಕಾರ್ಯಾಗಾರಗಳು ಆಗುತ್ತಿರುತ್ತವೆ. ಪುಣೆಯದೇ ಆದ ದೇಆಸ್ರಾ ಫೌಂಡೇಶನ್ ಸಣ್ಣ ಉದ್ಯಮಗಳಿಗೆಂದೇ ಇರುವ, ಲಾಭಕ್ಕಾಗಿ ನಡೆಸದ ಸಂಸ್ಥೆ.

ನಮ್ಮ ಸಂಘಗಳನ್ನೂ ಮರೆಯಬೇಡಿ. ಮುಂಬೈ ಕನ್ನಡಿಗರು ಸುಮ್ನೆ ಹಬ್ಬ ಮಾಡಲಿಕ್ಕೆ ಸಂಘ ಕಟ್ಟಿದವರಲ್ಲ. ಮೊಗವೀರ ಬ್ಯಾಂಕ್ 1946ರದು. ಬಿಲ್ಲವರು ಕಟ್ಟಿದ ಭಾರತ್ ಕೋ–ಆಪರೇಟಿವ್ ಬ್ಯಾಂಕ್ 1978ರದು. ಹೋಟೆಲಿನವರಿಗೆ 'ಆಹಾರ್' ಸಂಘಟನೆ ಇದೆ, ಪರವಾನಗಿಯ ತೊಂದರೆ ಬಂದಾಗ ಒಬ್ಬಂಟಿಯಾಗಿ ಓಡಾಡುವ ಬದಲು ಅಲ್ಲಿ ಕೇಳಬಹುದು. ಇಪ್ಪತ್ತು ವರ್ಷ ಗಲ್ಲೆಯಲ್ಲಿ ಕೂತ ಹಿರಿಯರೊಬ್ಬರ ಹತ್ತಿರ ಅರ್ಧ ಗಂಟೆ ಮಾತಾಡಿದರೆ, 'ಅಲ್ಲಿ ಗಾಳಾ ತಗೊಳ್ಬೇಡ ಮಾರಾಯ್ತಿ, ಮಳೆಗಾಲದಲ್ಲಿ ಮೊಣಕಾಲು ನೀರು ನಿಲ್ತದೆ' ಅನ್ನುವಂಥ ಮಾತು ಸಿಗುತ್ತದೆ. ಈ ಮಾತು ನನಗೇ ಸಿಕ್ಕಿದ್ದು. ನಮ್ಮ ಹಪ್ಪಳ ಉಳಿಯಿತು.

ಮೂರನೆಯದು: ಲೆಕ್ಕ ನೋಡುವವರು

ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಸಣ್ಣ ವ್ಯಾಪಾರ ಹೊರಗಿನವರ ಕೈಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ.

ನಮಗೆ ಜಿಎಸ್‌ಟಿ ಮಾಡಿಸಿಕೊಟ್ಟವರು ಪರಿಚಯದವರ ಪರಿಚಯ. ದಾಖಲೆ ಕೊಟ್ಟೆವು, ನಂಬರು ಬಂತು. ಎರಡು ವರ್ಷ ಎಲ್ಲ ಸರಿ ಇತ್ತು. ಆಮೇಲೆ ಅವರು ಫೋನ್ ಎತ್ತುವುದು ನಿಲ್ಲಿಸಿದರು. ಒಂದು ದಿನ ಮಾಟುಂಗಾದ ಅಂಗಡಿಯವರು, 'ಅಕ್ಕಾ, ನಿಮ್ಮ ರಿಟರ್ನ್ ಕಾಣ್ತಾ ಇಲ್ಲ, ನಿಮಗೆ ಕೊಟ್ಟ ತೆರಿಗೆಯ ಕ್ರೆಡಿಟ್ ನಮಗೆ ಸಿಗ್ತಾ ಇಲ್ಲ. ಹೀಗಾದರೆ ಮಾಲು ತಗೊಳ್ಳೋದು ಕಷ್ಟ' ಅಂದರು. ನನ್ನ ಎದೆ ಧಸಕ್ಕೆಂದಿತು. ಮಗಳನ್ನು ಕೂರಿಸಿಕೊಂಡು ಜಾಲತಾಣ ತೆರೆದೆವು. ಒಟಿಪಿ ಕಳಿಸಿದ್ದೇವೆ ಅಂತ ಬಂತು. ನನ್ನ ಫೋನಿಗೆ ಬರಲಿಲ್ಲ, ನಮ್ಮನೆಯವರ ಫೋನಿಗೂ ಬರಲಿಲ್ಲ. ನಮ್ಮ ವ್ಯಾಪಾರದ ನೋಂದಣಿಯಲ್ಲಿ ಇದ್ದದ್ದು ಆ ಮನುಷ್ಯನ ಮೊಬೈಲ್ ನಂಬರು, ಅವರದೇ ಇಮೇಲು.

ಇದಕ್ಕೆ ದಾರಿ ಇದೆ, ಬೇಕಾದವರು ಗುರುತು ಹಾಕಿಕೊಳ್ಳಿ. ನಿಮ್ಮ ವ್ಯಾಪಾರ ಯಾವ ಜಿಎಸ್‌ಟಿ ಅಧಿಕಾರಿಯ ವ್ಯಾಪ್ತಿಗೆ ಬರುತ್ತದೋ ಅವರ ಕಚೇರಿಗೆ ಗುರುತಿನ ದಾಖಲೆ, ಪ್ಯಾನ್, ನೋಂದಣಿ ಪತ್ರ, ಒಂದು ಅರ್ಜಿ ತಗೊಂಡು ಹೋಗಬೇಕು. ಅವರು ಪರಿಶೀಲಿಸಿ ಹೊಸ ಮೊಬೈಲ್, ಹೊಸ ಇಮೇಲ್ ಹಾಕಿಕೊಡುತ್ತಾರೆ. ನಮ್ಮದು ಹಾಗೆಯೇ ಸರಿಯಾಯಿತು. ಆದರೆ ಅಷ್ಟರಲ್ಲಿ ಐದು ತಿಂಗಳ ರಿಟರ್ನ್ ಬಾಕಿ ಉಳಿದಿತ್ತು. ತೆರಿಗೆ ಕಟ್ಟಬೇಕಾದ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ, ಏನೂ ವಹಿವಾಟಿಲ್ಲದ ರಿಟರ್ನಿಗೆ 20 ರೂಪಾಯಿ. ತೆರಿಗೆ ಬಾಕಿಯ ಮೇಲೆ ವರ್ಷಕ್ಕೆ 18% ಬಡ್ಡಿ ಬೇರೆ.

ಆದ್ದರಿಂದ ಲೆಕ್ಕದವರನ್ನು ಇಟ್ಟುಕೊಳ್ಳುವ ದಿನವೇ ಇಷ್ಟು ಮಾಡಿ. ಜಿಎಸ್‌ಟಿ, ಆದಾಯ ತೆರಿಗೆ, ಉದ್ಯಮ್, ಆಹಾರ ಪರವಾನಗಿ, ನಾಲ್ಕಕ್ಕೂ ನಿಮ್ಮದೇ ಮೊಬೈಲ್, ನಿಮ್ಮದೇ ಇಮೇಲ್. ವ್ಯಾಪಾರಕ್ಕಂತಲೇ ಬೇರೆ ಇಮೇಲ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಒಟಿಪಿ ಬಂದಾಗ ಯಾವುದಕ್ಕೆ ಅಂತ ಕೇಳಿಯೇ ಹೇಳಿ. ತೆರಿಗೆಯ ದುಡ್ಡನ್ನು ಅವರ ಕೈಗೆ ನಗದಾಗಿ ಕೊಡಬೇಡಿ. ಅವರು ಚಲನ್ ತೆಗೆದುಕೊಡಲಿ, ನಿಮ್ಮ ಖಾತೆಯಿಂದ ನೀವೇ ಕಟ್ಟಿ. ತಿಂಗಳು ತಿಂಗಳು ರಿಟರ್ನಿನ ಪ್ರತಿ ವಾಟ್ಸ್ಆ್ಯಪ್‌ಗೆ ಬರಬೇಕು ಅಂತ ಮೊದಲೇ ಹೇಳಿ.

ಎಲ್ಲದಕ್ಕೂ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಬೇಕಿಲ್ಲ. ದಿನದ ಲೆಕ್ಕವನ್ನು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಏರಿಸಲು ವಾರಕ್ಕೆರಡು ದಿನ ಬಂದು ಹೋಗುವ ಅಕೌಂಟೆಂಟ್ ಸಾಕು. ನಮ್ಮಲ್ಲಿ ಹೀಗೆ ಬರುವ ಹುಡುಗಿ ನಾಲ್ಕು ಕಡೆ ಕೆಲಸ ಮಾಡುತ್ತಾಳೆ, ನಾಲ್ವರೂ ಸೇರಿ ಅವಳಿಗೆ ಒಳ್ಳೆಯ ಸಂಬಳವಾಗುತ್ತದೆ. ವರ್ಷದ ಕೊನೆಯ ಲೆಕ್ಕ, ಬ್ಯಾಂಕಿಗೆ ಕೊಡುವ ಪ್ರಮಾಣಪತ್ರ, ನೋಟಿಸಿಗೆ ಉತ್ತರ, ಇದಕ್ಕೆ ಸಿಎ ಹತ್ತಿರ ಹೋಗಿ. ಸಿಎ ಸಹಿ ಮಾಡಿದ ಪ್ರಮಾಣಪತ್ರದ ಮೇಲೆ ಯುಡಿಐಎನ್ ಎಂಬ 18 ಅಂಕಿ–ಅಕ್ಷರಗಳ ಗುರುತು ಇರಬೇಕು. ಸಿಎ ಸಂಸ್ಥೆಯ ಜಾಲತಾಣದಲ್ಲಿ ಅದು ನಿಜವಾ ಅಂತ ಯಾರು ಬೇಕಾದರೂ ನೋಡಬಹುದು.

ಜಿಎಸ್‌ಟಿ ಬೇಕಾ ಬೇಡವಾ ಅನ್ನುವ ಪ್ರಶ್ನೆಗೆ ನೀವೇ ಸ್ವಲ್ಪ ಉತ್ತರ ಗೊತ್ತುಮಾಡಿಕೊಂಡು ಹೋಗಿ. ಮಹಾರಾಷ್ಟ್ರದಲ್ಲಿ ಬರೀ ಸರಕು ಮಾರುವವರಿಗೆ ಸಾಮಾನ್ಯವಾಗಿ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ಸೇವೆಗೆ 20 ಲಕ್ಷ, ಹೋಟೆಲ್ ಕೂಡ ಸೇವೆಯ ಲೆಕ್ಕಕ್ಕೇ ಬರುತ್ತದೆ. ಆದರೆ ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಈ 40 ಲಕ್ಷದ ಲೆಕ್ಕ ನಡೆಯುವುದಿಲ್ಲ. ನಮ್ಮ ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಸಾರಿನ ಪುಡಿಗೆ 5% ಇದೆ. ಮಡಗಾಂವ್‌ನ ಅಂಗಡಿಯೊಂದು ಸಾರಿನ ಪುಡಿ ಕೇಳಿದ್ದೇ ನಾವು ನೋಂದಣಿ ಮಾಡಿಸಿದ್ದಕ್ಕೆ ಕಾರಣ.

ನಾಲ್ಕನೆಯದು: ಸಾಲ ಕೊಡಿಸುತ್ತೇನೆ ಅನ್ನುವವರು

ಸಣ್ಣ ವ್ಯಾಪಾರಕ್ಕೆ ಸರ್ಕಾರದ ಯೋಜನೆಯಲ್ಲಿ ಸಿಗುವ ಮುದ್ರಾ ಸಾಲಕ್ಕೆ ಏಜೆಂಟರೇ ಇಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಮೋಸ ತಪ್ಪುತ್ತದೆ. ಇದರಲ್ಲಿ ಹಂತಗಳಿವೆ: ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ ತರುಣ್ ಪ್ಲಸ್. ಅಡವು ಬೇಡ. ನೇರ ಬ್ಯಾಂಕಿಗೆ ಹೋಗಬಹುದು.

ಅದಕ್ಕಿಂತ ದೊಡ್ಡ ಸಾಲಕ್ಕೆ ಬ್ಯಾಂಕಿನವರು ಮನೆ ಪತ್ರ ಕೇಳಿದರೆ, ಸಿಜಿಟಿಎಂಎಸ್‌ಇ ಗ್ಯಾರಂಟಿಯಲ್ಲಿ ಕೊಡುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ಕೇಂದ್ರ ಸರ್ಕಾರ ಮತ್ತು ಸಿಡ್ಬಿ (ಸಣ್ಣ ಉದ್ಯಮಗಳ ಬ್ಯಾಂಕ್) ಸೇರಿ 2000ದಲ್ಲಿ ಮಾಡಿದ ಟ್ರಸ್ಟ್ ಅದು, ಅಡವಿನ ಬದಲು ಬ್ಯಾಂಕಿಗೆ ಜಾಮೀನು ನಿಲ್ಲುತ್ತದೆ. 2025ರ ಏಪ್ರಿಲ್‌ನಿಂದ 10 ಕೋಟಿವರೆಗಿನ ಸಾಲಕ್ಕೆ ಅದರ ಗ್ಯಾರಂಟಿ ಸಿಗುತ್ತದೆ. ಅದಕ್ಕೆ ವರ್ಷಕ್ಕಿಷ್ಟು ಅಂತ ಶುಲ್ಕ ಇದೆ, ಅದನ್ನು ಬಡ್ಡಿಯ ಜೊತೆ ಕೂಡಿಸಿ ನೋಡಿ. ನಾವು ಕೇಳುವವರೆಗೆ ನಮಗೆ ಇದನ್ನು ಯಾರೂ ಹೇಳಿರಲಿಲ್ಲ.

ಸಾಲದ ಫೈಲ್ ಮಾಡಿಕೊಡುವವರಿಗೆ ದುಡ್ಡು ಕೊಡುವುದು ತಪ್ಪಲ್ಲ, ಅದೂ ಒಂದು ಕೆಲಸವೇ. ಆದರೆ ಪ್ರಾಜೆಕ್ಟ್ ರಿಪೋರ್ಟಿನ ಪ್ರತಿ ಅಂಕಿಯನ್ನೂ ನಿಮಗೆ ವಿವರಿಸಬೇಕು. ಮ್ಯಾನೇಜರ್ 'ತಿಂಗಳಿಗೆ 900 ಕೆಜಿ ಹೇಗೆ ಮಾಡ್ತೀರಿ?' ಅಂತ ಕೇಳಿದಾಗ ಉತ್ತರ ಹೇಳಬೇಕಾದವರು ನೀವು. ಮಂಜೂರಾಗುವ ಮೊದಲೇ ಸಾಲದ ಇಷ್ಟು ಪರ್ಸೆಂಟ್ ಕೊಡಿ ಅನ್ನುವವರ ಜೊತೆ ಮುಂದುವರಿಯಬೇಡಿ. ಬ್ಯಾಂಕಿಗೆ ಹೋಗುವ ಮೊದಲು ನಿಮ್ಮ ಕ್ರೆಡಿಟ್ ರಿಪೋರ್ಟ್ (ಹಳೆಯ ಸಾಲಗಳನ್ನು ಹೇಗೆ ತೀರಿಸಿದ್ದೀರಿ ಎಂಬ ದಾಖಲೆ) ತೆಗೆದು ನೋಡಿ. ಸಿಬಿಲ್‌ನಂಥ ಪ್ರತಿ ಕಂಪನಿಯೂ ವರ್ಷಕ್ಕೊಂದು ಪೂರ್ಣ ರಿಪೋರ್ಟ್ ಪುಕ್ಕಟೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ.

ಐದನೆಯದು: ಬಾಕಿ ವಸೂಲಿ

ಒಂದು ಕ್ಯಾಂಟೀನ್ ಗುತ್ತಿಗೆದಾರರು ನಮಗೆ ಐದು ತಿಂಗಳು ದುಡ್ಡು ಕೊಟ್ಟಿರಲಿಲ್ಲ. 'ಮುಂದಿನ ವಾರ, ಮುಂದಿನ ವಾರ.' ಆಗ ನಮ್ಮ ಸಿಎ ಒಂದು ಸಣ್ಣ ಕೆಲಸ ಹೇಳಿದರು. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ, '2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಪಾವತಿ' ಅಂತ ಒಂದು ಸಾಲು ಸೇರಿಸಿ ಅಂದರು.

ಆ ಸಾಲಿನ ಹಿಂದೆ ದೊಡ್ಡ ಬಲ ಇದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಮಾಲು ತಗೊಂಡವರು ಬರವಣಿಗೆಯ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ಗಡುವು ಮೀರಿದರೆ ಕೊಳ್ಳುವವರಿಗೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ನಿಜವಾಗಿ ದುಡ್ಡು ಕೊಟ್ಟ ವರ್ಷಕ್ಕೇ ತೋರಿಸಬೇಕಾಗುತ್ತದೆ. ಆದ್ದರಿಂದ ಈಗ ಅವರ ಸಿಎಗಳೇ 'ಮೊದಲು ಇವರದ್ದು ಕೊಟ್ಟುಬಿಡಿ' ಅನ್ನುತ್ತಾರೆ. ಕೊಡದಿದ್ದರೆ ಇಂಥ ಬಾಕಿಯ ದೂರು ವಿಚಾರಿಸುವ ಸರ್ಕಾರದ ನೆರವು ಮಂಡಳಿಗೆ ಆನ್‌ಲೈನಿನಲ್ಲೇ ದೂರು ಹಾಕಬಹುದು. ಮಂಡಳಿಯ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಕೊಳ್ಳುವವರು ಮೊದಲು ಅದರಲ್ಲಿ ಹೇಳಿದ ದುಡ್ಡಿನ 75% ಠೇವಣಿ ಇಡಬೇಕು.

ಎರಡು ಎಚ್ಚರಿಕೆ. ಮಾಲು ಕೊಡುವ ಮೊದಲೇ ಉದ್ಯಮ್ ನೋಂದಣಿ ಆಗಿರಬೇಕು. ಮತ್ತೆ, ತಾವು ತಯಾರಿಸದೆ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಸಿಗುವುದಿಲ್ಲ. ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಸಿಗುತ್ತದೆ.

ನಾವು ದೂರು ಹಾಕುವ ತನಕ ಹೋಗಲಿಲ್ಲ. ನಿಯಮ ತಿಳಿಸಿ ಒಂದು ಮರ್ಯಾದೆಯ ಪತ್ರ ಬರೆದೆವು, ಮೂರು ಕಂತಿನಲ್ಲಿ ದುಡ್ಡು ಬಂತು. ದೊಡ್ಡ ಕಂಪನಿಗಳಿಗೆ ಮಾಲು ಕೊಡುವವರು ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಯ ಬಗ್ಗೆಯೂ ಕೇಳಿಕೊಳ್ಳಿ. ಕಂಪನಿ ಒಪ್ಪಿದ ಬಿಲ್ಲಿನ ಮೇಲೆ ಬ್ಯಾಂಕುಗಳು ಅಲ್ಲಿ ಬಡ್ಡಿ ದರ ಕೂಗುತ್ತವೆ, ಕಡಿಮೆ ಕೂಗಿದವರಿಂದ ಗಡುವಿಗೆ ಮೊದಲೇ ದುಡ್ಡು ಸಿಗುತ್ತದೆ.

ಆರನೆಯದು: ಹೆಸರು, ಫೋಟೊ, ಆನ್‌ಲೈನ್

ಟ್ರೇಡ್‌ಮಾರ್ಕ್ ನೋಂದಣಿಯ ಮುಖ್ಯ ಕಚೇರಿ ನಮ್ಮ ಮುಂಬೈಯಲ್ಲೇ, ಆಂಟಾಪ್ ಹಿಲ್‌ನಲ್ಲಿದೆ. ಅರ್ಜಿ ಮನೆಯಿಂದಲೇ ಹಾಕಬಹುದು. ಒಬ್ಬರೇ ನಡೆಸುವ ವ್ಯಾಪಾರಕ್ಕೆ ಅಥವಾ ಉದ್ಯಮ್ ಇರುವ ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಗೆ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ, ಇತರರಿಗೆ 9,000. ಉಪ್ಪಿನಕಾಯಿ 29ನೇ ವರ್ಗ, ಮಸಾಲೆ ಪುಡಿ 30ನೇ ವರ್ಗ. ಹಾಗಾಗಿ ನಮಗೆ ಎರಡು ಶುಲ್ಕ ಬಿತ್ತು. ವಕೀಲರ ಶುಲ್ಕ ಬೇರೆ. ಬಿಲ್ಲಿನಲ್ಲಿ ಎರಡನ್ನೂ ಬೇರೆಬೇರೆ ತೋರಿಸಲು ಹೇಳಿ. ಅರ್ಜಿ ನಿಮ್ಮ ಹೆಸರಿನಲ್ಲೇ ಇದೆಯಾ ನೋಡಿಕೊಳ್ಳಿ.

ಇನ್‌ಸ್ಟಾಗ್ರಾಂ ಪೇಜು, ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಗುರುತು, ಜಾಲತಾಣದ ಹೆಸರು ಇವುಗಳಿಗೂ ಜಿಎಸ್‌ಟಿಯ ಮಾತೇ. ನಿಮ್ಮ ಇಮೇಲಿನಿಂದ ತೆರೆಯಿರಿ, ಫೋಟೊ ಹಾಕುವ ಹುಡುಗರಿಗೆ ಕೆಲಸ ಮಾಡುವ ಅನುಮತಿ ಮಾತ್ರ ಕೊಡಿ. ಡೆಲಿವರಿ ಆ್ಯಪಿಗೆ ಸೇರುವ ಹೋಟೆಲಿನವರು ಕಮಿಷನ್, ಜಾಹೀರಾತು, ರಿಯಾಯಿತಿ ಮೂರನ್ನೂ ಕಳೆದು ಒಂದು ಪ್ಲೇಟ್ ಇಡ್ಲಿಗೆ ಏನು ಉಳಿಯುತ್ತದೆ ಅಂತ ಲೆಕ್ಕ ಹಾಕಿ. 2022ರ ಜನವರಿಯಿಂದ ಆ್ಯಪಿನ ಮೂಲಕ ಹೋಗುವ ಹೋಟೆಲ್ ಊಟದ ಜಿಎಸ್‌ಟಿಯನ್ನು ಆ್ಯಪಿನವರೇ ಕಟ್ಟುತ್ತಾರೆ. ಆ ಮಾರಾಟವನ್ನು ನಿಮ್ಮ ಲೆಕ್ಕದವರು ಬೇರೆಯಾಗಿ ತೋರಿಸಬೇಕು.

ಕೊನೆಯದು: ಕೆಲಸ ಒಪ್ಪಿಸುವ ರೀತಿ

ಯಾರೇ ಇರಲಿ, ಮೊದಲು ಒಂದು ಸಣ್ಣ ಕೆಲಸ ದುಡ್ಡು ಕೊಟ್ಟು ಮಾಡಿಸಿ. ಒಂದು ತಿಂಗಳ ರಿಟರ್ನ್, ಹತ್ತು ಫೋಟೊ, ಒಂದು ಲೇಬಲ್. ಸರಿ ಬಂದರೆ ಮೂರು ತಿಂಗಳು ಮುಂದುವರಿಸಿ. ಆಮೇಲೆ ವರ್ಷದ ಮಾತು.

ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿ. ಏನು ಕೆಲಸ, ಯಾವ ತಾರೀಖಿನೊಳಗೆ, ಎಷ್ಟು ದುಡ್ಡು, ತಪ್ಪಿನಿಂದ ದಂಡ ಬಿದ್ದರೆ ಯಾರು ಕಟ್ಟುವುದು, ಬಿಟ್ಟುಹೋಗುವಾಗ ಏನೇನು ಹಿಂದಿರುಗಿಸಬೇಕು. ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಇಬ್ಬರಿಗೂ ಅರ್ಥವಾಗಬೇಕು ಅಷ್ಟೇ. ಮರಾಠಿ ಅಥವಾ ಇಂಗ್ಲಿಷಿನ ಕಾಗದಕ್ಕೆ ಸಹಿ ಹಾಕುವ ಮೊದಲು ಗೊತ್ತಿದ್ದವರ ಹತ್ತಿರ ಪೂರ್ತಿ ಓದಿಸಿ ಕೇಳಿ. 'ನಮ್ಮೂರವರು, ಬರೆಯುವುದು ಹೇಗೆ, ಬೇಜಾರಾಗ್ತದೆ' ಅಂತ ಅನ್ನಿಸುತ್ತದೆ, ಅಲ್ವಾ? ನಮಗೂ ಅನ್ನಿಸಿತ್ತು. ಬರೆದಿಟ್ಟ ಮೇಲೆ ನಮ್ಮೂರವರ ಜೊತೆ ನಮಗೆ ಜಗಳವಾದದ್ದು ಇಲ್ಲ. ಬರೆಯದೆ ಇದ್ದಾಗ ಆಗಿತ್ತು.

ಯಾರಾದರೂ ಕೆಲಸ ಬಿಡುವಾಗ ಫೈಲು, ಟ್ಯಾಲಿಯ ಬ್ಯಾಕಪ್, ಡಿಜಿಟಲ್ ಸಹಿಯ ಪೆನ್‌ಡ್ರೈವ್ ಎಲ್ಲ ಎದುರಿಗೇ ಎಣಿಸಿ ತಗೊಳ್ಳಿ. ಅವರಿಗೆ ಕೊಡಬೇಕಾದ ಬಾಕಿ ಅವತ್ತೇ ಕೊಟ್ಟುಬಿಡಿ, ಒಂದು ಲೋಟ ಕಾಫಿಯನ್ನೂ ಕೊಡಿ. ಅವರು ಮೆಟ್ಟಿಲು ಇಳಿದ ಮೇಲೆ, ಅದೇ ಸಂಜೆ, ಎಲ್ಲ ಪಾಸ್‌ವರ್ಡ್ ಬದಲಾಯಿಸಿ.